ಗಡಿಯಾಚೆಯ ಹಸೆಮಣೆ

ಇಂಗ್ಲೆಂಡಿನ ಗಡಿಯಲ್ಲಿ ಹರಿಯುವ ಸಾರ್ಕ್ ಹೊಳೆಯನ್ನು ದಾಟಿದೊಡನೆ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿ. ಅಲ್ಲಿ ಗಿರಿಶಿಖರಗಳಿಲ್ಲ, ಸರೋವರವಿಲ್ಲ, ಬರಿಯ ಹುಲ್ಲುಬಯಲು. ಆದರೂ ಹೆತ್ತವರ ಕಣ್ತಪ್ಪಿಸಿ ಬಂದ ಪ್ರೇಮಿಗಳಿಗೆ ಅದಕ್ಕಿಂತ ರಮಣೀಯವಾದ ತಾಣ ಇನ್ನೊಂದಿರಲಿಲ್ಲ. ಇಪ್ಪತ್ತೊಂದು ತುಂಬದವರ ವಿವಾಹವನ್ನು ತಡೆಯುವ ಅಧಿಕಾರವನ್ನು ಇಂಗ್ಲೆಂಡಿನ ಕಾನೂನು 1754ರಲ್ಲಿ ತಂದೆತಾಯಿಗಳ ಕೈಗೆ ಕೊಟ್ಟಿತು. ಸ್ಕಾಟ್ಲೆಂಡಿನಲ್ಲಾದರೋ ಇಬ್ಬರು ಸಾಕ್ಷಿಗಳೆದುರು ಪರಸ್ಪರ ಒಪ್ಪಿಗೆ ನುಡಿದರೆ ಸಾಕಾಗಿತ್ತು. ಕಮ್ಮಾರನು ಕಬ್ಬಿಣ ಬಡಿಯುವ ಅಡಿಗಲ್ಲೇ ಹಸೆಮಣೆಯಾಯಿತು! ಬೆನ್ನಟ್ಟಿ ಬಂದ ತಂದೆಯ ಸಾರೋಟು ಬಾಗಿಲಲ್ಲಿ ನಿಲ್ಲುವಷ್ಟರಲ್ಲಿ ಸುತ್ತಿಗೆಯ ಪೆಟ್ಟು ಬಿದ್ದಿರುತ್ತಿತ್ತೆಂದು ಕಥೆ. 1856ರ ಶಾಸನವು ಇಪ್ಪತ್ತೊಂದು ದಿನಗಳ ವಾಸವನ್ನು ವಿಧಿಸಿ ಈ ಅವಸರಕ್ಕೆ ಕಡಿವಾಣ ಹಾಕಿತು. 1940ರಲ್ಲಿ ಬರಿಯ ಮಾತಿನ ಮದುವೆಯೇ ನಿಂತಿತು.

ಇಂದು ಓಡಿಬರುವ ಜೋಡಿಗಳಿಗೆ ಬೇಕಾದುದು ಚೆಲುವು ಮತ್ತು ಏಕಾಂತ. ಹಲವರು ಗ್ರೆಟ್ನಾವನ್ನು ಹಿಂದೆ ಬಿಟ್ಟು ಉತ್ತರದ ಗ್ಲೆನ್ಕೋ ಕಣಿವೆಗೋ ಸ್ಕೈ ದ್ವೀಪಕ್ಕೋ ಹೋಗುತ್ತಾರೆ. ಬೇಸಗೆಯಲ್ಲಿ ಅಲ್ಲಿಯೂ ಪ್ರವಾಸಿಗಳ ಜಾತ್ರೆಯೇ, ಮುಂಜಾವವೇ ಮೇಲು. ಸ್ಥಳವೆಷ್ಟೇ ನಿರ್ಜನವಾಗಿರಲಿ, 29 ದಿನ ಮೊದಲೇ ನೋಂದಣಿ ಕಚೇರಿಗೆ ತಿಳಿಸಿರಬೇಕು. ಹದಿನಾರು ತುಂಬಿದ ಇಬ್ಬರು ಸಾಕ್ಷಿಗಳೂ ಇರಲೇಬೇಕು. ಏಕಾಂತಕ್ಕೆ ಇದೊಂದು ಅಡ್ಡಿಯೆನ್ನಬಹುದೆ? ಕಣ್ವಾಶ್ರಮಕ್ಕಿಂತ ಸುಂದರವಾದ ಏಕಾಂತವೆಲ್ಲಿದೆ! ಆದರೆ ವ್ಯಾಸಭಾರತದ ದುಷ್ಯಂತನು ತುಂಬಿದ ಸಭೆಯಲ್ಲಿ ‘ಅರಿಯೆ’ ಎಂದಾಗ, ಶಕುಂತಲೆಯ ಪರವಾಗಿ ನುಡಿಯಲು ಅಶರೀರವಾಣಿಯೇ ಬರಬೇಕಾಯಿತು. ಗ್ಲೆನ್ಕೋದಲ್ಲಿ ಎಷ್ಟೋ ಸಲ ಛಾಯಾಗ್ರಾಹಕನೇ ಆ ಕೆಲಸಕ್ಕೆ ರುಜು ಹಾಕುತ್ತಾನೆ.