ಕ್ರಾಕೋವ್ ದಿನಚರಿ, 2022

ಫೆಬ್ರವರಿ 24, ಗುರುವಾರ

ಬೆಳಗಾಗುವಷ್ಟರಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಶುರು ಮಾಡಿತ್ತು. ಆಫೀಸಿನಲ್ಲಿ ಇಂದು ಯಾರ ಕೈಯಲ್ಲೂ ಕೆಲಸ ಸಾಗಲಿಲ್ಲ. ನಮ್ಮ ತಂಡದ ಉಕ್ರೇನಿನ ಹುಡುಗಿಯ ಅಪ್ಪ ಅಮ್ಮ ಇರುವುದು ಖಾರ್ಕಿವ್‌ನಲ್ಲಿ. ಮಧ್ಯಾಹ್ನದವರೆಗೂ ಫೋನ್ ಹಚ್ಚುತ್ತಲೇ ಇದ್ದಳು. ಕೊನೆಗೆ ಸಿಕ್ಕಾಗ ಅವಳಮ್ಮ ನೆಲಮಾಳಿಗೆಯಿಂದ ಮಾತಾಡಿದರಂತೆ. ನಾವಿರುವಲ್ಲಿಂದ ಉಕ್ರೇನ್ ಗಡಿಗೆ ಕಾರಿನಲ್ಲಿ ಮೂರು ಗಂಟೆಯೂ ಬೇಡ.

ಸಂಜೆ ಚರ್ಚು ತುಂಬಿತ್ತು, ವಾರದ ದಿನವೆಂದು ಅನ್ನಿಸಲೇ ಇಲ್ಲ. ದೇವರನ್ನು ಏನು ಕೇಳಬೇಕೆಂದು ತೋಚಲಿಲ್ಲ. ಜಪಸರ ಹಿಡಿದು ಕೂತೆ. ರಾತ್ರಿ ಮೈಸೂರಿನಿಂದ ಅಮ್ಮ ಕರೆ ಮಾಡಿ, "ನೀನು ಊರಿಗೆ ಬಂದುಬಿಡು ಮಗಳೇ" ಎಂದಳು. ಬರುವುದಿಲ್ಲ ಎಂದೆ.

ಮಾರ್ಚ್ 1, ಮಂಗಳವಾರ

ರಜೆ ಹಾಕಿ ಗೆಳತಿಯ ಕಾರಿನಲ್ಲಿ ಗಡಿಯ ಮೆಡಿಕಾಗೆ ಹೋಗಿಬಂದೆ. ಗಡಿ ದಾಟಿ ಬರುವವರ ಸಾಲು ಮುಗಿಯುವಂತೆ ಕಾಣಲಿಲ್ಲ. ಹದಿನೆಂಟರಿಂದ ಅರವತ್ತರೊಳಗಿನ ಗಂಡಸರನ್ನು ಉಕ್ರೇನ್ ಹೊರಗೆ ಬಿಡುತ್ತಿಲ್ಲ. ಹಾಗಾಗಿ ಸಾಲಿನಲ್ಲಿದ್ದವರು ಹೆಂಗಸರು, ಮಕ್ಕಳು, ಮುದುಕರು. ನಡುವೆ ಉಕ್ರೇನಿನಲ್ಲಿ ಓದುತ್ತಿದ್ದ ನಮ್ಮ ಭಾರತದ ವೈದ್ಯಕೀಯ ವಿದ್ಯಾರ್ಥಿಗಳು. ಕಿಲೋಮೀಟರುಗಟ್ಟಲೆ ನಡೆದು, ಆ ಚಳಿಯಲ್ಲಿ ಬಯಲಲ್ಲೇ ಕಾದು ಬಂದ ಮಕ್ಕಳು. ಡೇರೆಯ ಮುಂದೆ ಹಂಚುತ್ತಿದ್ದ ಬಿಸಿ ಊಟವೆಲ್ಲ ಹಂದಿಮಾಂಸದ್ದು. ಒಬ್ಬ ಹುಡುಗ ಅದನ್ನು ನೋಡಿ ಹಿಂದೆ ಸರಿದ. ನಾನು ಒಯ್ದಿದ್ದ ಚಿತ್ರಾನ್ನದ ಡಬ್ಬಿ ತೆರೆದು, "ಇದ್ರಲ್ಲಿ ಮಾಂಸ ಇಲ್ಲ, ತಿನ್ನಪ್ಪ" ಎಂದೆ. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವನ ಮುಖವೇ ಬದಲಾಯಿತು. "ಅಕ್ಕಾರ, ನೀವ್ ನಮ್ಮ ಕಡೆಯವರೇನ್ರಿ?" ಕಲಬುರಗಿಯ ಹುಡುಗ. ಆದರೆ ಅನ್ನಕ್ಕೆ ಕೈ ಹಾಕಲಿಲ್ಲ. "ಮೊದ್ಲ ಚಾರ್ಜರ್ ಇದ್ರ ಕೊಡ್ರೀ ಅಕ್ಕಾರ, ಅವ್ವಗ ಫೋನ್ ಹಚ್ಚಬೇಕು" ಎಂದ. ಕಾರಿನಲ್ಲಿ ಕೂರಿಸಿ ಚಾರ್ಜಿಗೆ ಹಾಕಿಕೊಟ್ಟೆ. ಅವ್ವನ ಜೊತೆ ಮಾತು ಮುಗಿದ ಮೇಲೆಯೇ ಉಂಡ.

ವಾಪಸು ಬರುವ ದಾರಿಯಲ್ಲಿ ಸುದ್ದಿ ಓದಿದೆ. ಖಾರ್ಕಿವ್‌ನಲ್ಲಿ ಊಟದ ಸಾಮಾನಿಗೆಂದು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆ ಚಳಗೇರಿಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿ. ಡೇರೆಯಲ್ಲಿ ಕಂಡ ಹುಡುಗರದೇ ವಯಸ್ಸು. ದೇವರೇ, ಆ ತಾಯಿಯ ಕೈ ಬಿಡಬೇಡ.

ಮಾರ್ಚ್ 2, ಬೂದಿ ಬುಧವಾರ

ಇಂದು ಉಕ್ರೇನಿನ ಶಾಂತಿಗಾಗಿ ಉಪವಾಸ, ಪ್ರಾರ್ಥನೆ ಮಾಡಿ ಎಂದು ಪೋಪ್ ಫ್ರಾನ್ಸಿಸ್ ಕರೆ ಕೊಟ್ಟಿದ್ದರು. ಹಣೆಗೆ ಬೂದಿ ಹಚ್ಚಿಸಿಕೊಂಡು ನೇರ ರೈಲು ನಿಲ್ದಾಣಕ್ಕೆ ಹೋದೆ. ಅಲ್ಲಿ ಸ್ಯಾಂಡ್‌ವಿಚ್ ಕಟ್ಟುತ್ತಿದ್ದವರಲ್ಲಿ ಎಷ್ಟೋ ಹಣೆಗಳ ಮೇಲೆ ಬೂದಿ ಇತ್ತು. ತಾವು ಉಪವಾಸವಿದ್ದು ಬೇರೆಯವರಿಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ತಪಸ್ಸುಕಾಲದ ಅರ್ಥ ನನಗೆ ಇಷ್ಟು ಸ್ಪಷ್ಟವಾಗಿ ಯಾವ ಪ್ರಸಂಗದಲ್ಲೂ ಸಿಕ್ಕಿರಲಿಲ್ಲ.

ಅಮ್ಮ ಕೇಳಿದಳು, "ಉಪವಾಸದಲ್ಲಿ ಉಳಿದ ದುಡ್ಡು ಯಾರಿಗೆ ಕೊಡ್ತೀಯ?" ನಮ್ಮ ಮನೆಯಲ್ಲಿ ಪ್ರತಿ ತಪಸ್ಸುಕಾಲದಲ್ಲೂ ಅವಳು ಒಲೆ ಹಚ್ಚುವ ಮುನ್ನ ಹಿಡಿ ಅಕ್ಕಿ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಬಿಟ್ಟ ಊಟ ಇನ್ನೊಬ್ಬರ ತಟ್ಟೆ ಸೇರದಿದ್ದರೆ ಅದು ಪಥ್ಯವೇ ಹೊರತು ಉಪವಾಸವಲ್ಲ ಎನ್ನುವುದು ಅವಳ ಖಚಿತ ಮಾತು.

ಮಾರ್ಚ್ 12, ಶನಿವಾರ

ಪೋಲೆಂಡಿಗೆ ಬಂದವರ ಸಂಖ್ಯೆ 15 ಲಕ್ಷ ದಾಟಿದೆ. ಸರ್ಕಾರ ಇಂದು ಹೊಸ ಕಾನೂನು ತಂದಿದೆ. ನಿರಾಶ್ರಿತರನ್ನು ಮನೆಯಲ್ಲಿ ಇಟ್ಟುಕೊಂಡವರಿಗೆ ಒಬ್ಬೊಬ್ಬ ನಿರಾಶ್ರಿತರ ಲೆಕ್ಕಕ್ಕೆ ದಿನಕ್ಕೆ 40 ಜ್ಲೋಟಿ ಸಿಗುತ್ತದೆ. ಕಾನೂನು ಬರುವ ಮೊದಲೇ ಜನ ಮನೆಬಾಗಿಲು ತೆರೆದಿದ್ದರು ಎಂಬುದನ್ನು ಮಾತ್ರ ಬರೆದಿಡಲೇಬೇಕು. ಗಡಿ ಹತ್ತಿರದ ಪ್ಶೆಮಿಶ್ಲ್ ರೈಲು ನಿಲ್ದಾಣದಲ್ಲಿ ಇಲ್ಲಿಯ ತಾಯಂದಿರು ತಮ್ಮ ಮಕ್ಕಳ ತಳ್ಳುಗಾಡಿಗಳನ್ನು ಬಿಟ್ಟುಹೋದ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಕೂಸನ್ನು ಎತ್ತಿಕೊಂಡು ಇಳಿಯುವವಳಿಗೆ ಮೊದಲು ಬೇಕಾದ್ದು ಅದೇ. ಕೊಟ್ಟವರು ತಾವೂ ಕೂಸು ಹೊತ್ತು ಓಡಾಡಿದವರು, ಹಾಗಾಗಿ ಗೊತ್ತಾಗಿದೆ.

ನಮ್ಮ ಚರ್ಚಿನ ಹಾಲ್‌ನಲ್ಲಿ ಇಡೀ ದಿನ ಬಟ್ಟೆ ವಿಂಗಡಿಸಿದೆವು. ಮೂಟೆ ಬಿಚ್ಚಿದರೆ ಪಾರ್ಟಿಗೆ ಹಾಕುವ ಗೌನು, ಎತ್ತರ ಹಿಮ್ಮಡಿಯ ಚಪ್ಪಲಿ, ಜಿಪ್ ಕಿತ್ತ ಜಾಕೆಟ್ಟು. ಕಪಾಟು ಖಾಲಿ ಮಾಡಿ ತಂದವರಿಗೂ ಮನಸ್ಸು ಒಳ್ಳೆಯದೇ. ಆದರೆ ಅದನ್ನು ಬಿಚ್ಚಿ, ಮಡಿಚಿ, ಎಸೆಯಬೇಕಾದ್ದನ್ನು ಎಸೆಯಲು ಹತ್ತು ಜನ ಬೇಕು, ಜಾಗ ಬೇಕು, ಆ ಹತ್ತು ಜನ ನಿಲ್ದಾಣದಲ್ಲಿರಬೇಕಾದವರು. ಅಷ್ಟರಲ್ಲಿ ಒಬ್ಬರು ಅಜ್ಜಿ ಒಳಗೆ ಬಂದರು. ಎದೆಗೆ ಅವುಚಿಕೊಂಡ ಚೀಲದೊಳಗೆ ಬೆಕ್ಕು. ಬೂಟು ನೆನೆದು ಕಪ್ಪಾಗಿತ್ತು. ಉಣ್ಣೆಯ ಕೋಟುಗಳನ್ನೆಲ್ಲ ತೋರಿಸಿದೆವು, ಬೇಡವೆಂದು ತಲೆಯಾಡಿಸಿದರು. ಕೊನೆಗೆ ತಮ್ಮ ಬೂಟು ಕಳಚಿ ಪಾದ ತೋರಿಸಿದರು. ಬೇಕಾಗಿದ್ದದ್ದು ಒಣಗಿದ ಕಾಲುಚೀಲ. ಆ ರಾಶಿಯಲ್ಲಿ ಒಂದು ಜೊತೆಯೂ ಇರಲಿಲ್ಲ. ಗೆಳತಿ ಎದುರಿನ ಅಂಗಡಿಗೆ ಓಡಿ ಕೊಂಡು ತಂದಳು.

ಸಂಜೆ ಬಾಗಿಲಿಗೆ ಪಟ್ಟಿ ಅಂಟಿಸಿದೆವು: ಹೊಸ ಒಳ ಉಡುಪು, ಕಾಲುಚೀಲ, ಸ್ಯಾನಿಟರಿ ಪ್ಯಾಡು, ಡೈಪರ್, ಮಕ್ಕಳ ಹಾಲಿನ ಪುಡಿ, ಪವರ್ ಬ್ಯಾಂಕ್. ಇವುಗಳ ಹೊರತು ಬೇರೇನೂ ತರಬೇಡಿ, ಹಣ ಕೊಡಿ.

ರಾತ್ರಿ ಲೂಕನ ಶುಭಸಂದೇಶದಲ್ಲಿ ಸಮಾರ್ಯದವನ ಕಥೆ ತೆಗೆದು ಓದಿದೆ. ದಾರಿಯಲ್ಲಿ ಹೊಡೆಸಿಕೊಂಡು ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ್ದನ್ನೇ ನಾವು ನೆನಪಿಡುತ್ತೇವೆ. ಮರುದಿನ ಅವನು ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟ. ಆ ಕಾಲದ ಕೂಲಿಯವನ ಎರಡು ದಿನದ ಸಂಬಳ ಅದು. ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುವೆನೆಂದು ಮಾತೂ ಕೊಟ್ಟ. ಗಾಯಾಳುವನ್ನು ನೋಡಿಕೊಳ್ಳಲು ಬಲ್ಲವನನ್ನು ನಂಬಿದ, ಕೈಗೆ ನಗದು ಕೊಟ್ಟ, ವಿಚಾರಿಸಲು ಮತ್ತೆ ಬರುತ್ತೇನೆಂದ. ಉಕ್ರೇನಿನೊಳಗೆ ಇಂದು ಆ ಛತ್ರ ನಡೆಸುತ್ತಿರುವುದು ಚರ್ಚಿನ ಸೇವಾಸಂಸ್ಥೆಗಳಾದ ಎರಡು ಕಾರಿತಾಸ್‌ಗಳು: ಗ್ರೀಕ್ ಕ್ಯಾಥೊಲಿಕರ ಕಾರಿತಾಸ್ ಉಕ್ರೇನ್, ಲ್ಯಾಟಿನ್ ವಿಧಿಯವರ ಕಾರಿತಾಸ್ ಸ್ಪೆಸ್. ಹಣ ಕಳಿಸಿದರೆ ಬ್ರೆಡ್ಡನ್ನು ಲ್ವಿವ್‌ನಲ್ಲೇ ಕೊಳ್ಳಬಹುದು, ಅಲ್ಲಿಯ ಬೇಕರಿಯವನ ಒಲೆಯೂ ಉರಿಯುತ್ತದೆ. ಸಂಬಳದಿಂದ ಪ್ರತಿ ತಿಂಗಳೂ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟೆ.

ಮಾರ್ಚ್ 25, ಶುಕ್ರವಾರ

ಪೋಪ್ ರಷ್ಯಾ ಮತ್ತು ಉಕ್ರೇನ್ ಎರಡನ್ನೂ ಮಾತೆ ಮರಿಯಳ ನಿಷ್ಕಳಂಕ ಹೃದಯಕ್ಕೆ ಅರ್ಪಿಸಿದರು. ಅದೇ ಹೊತ್ತಿಗೆ ಪೋಪ್ ಕಳಿಸಿದ್ದ ಕಾರ್ಡಿನಲ್ ಕ್ರಾಯೆವ್‌ಸ್ಕಿ ಪೋರ್ಚುಗಲ್‌ನ ಫಾತಿಮಾದಲ್ಲಿ ಅರ್ಪಿಸಿದರು. ನಮ್ಮ ಚರ್ಚಿನಲ್ಲೂ ಓದಿದರು. ಖಾರ್ಕಿವ್ ಹುಡುಗಿ ಪಕ್ಕದಲ್ಲೇ ಕೂತಿದ್ದಳು. ರಷ್ಯಾದ ಹೆಸರು ಬಂದಾಗ ಅವಳ ತುಟಿ ಅಲುಗಲಿಲ್ಲ. ಹೊರಗೆ ಬಂದು, "ನನಗೆ ಆಗುವುದಿಲ್ಲ" ಎಂದಳು. ವೈರಿಗಾಗಿ ಪ್ರಾರ್ಥಿಸು ಎಂದು ಹೇಳುವ ಹಕ್ಕು ನನಗಿಲ್ಲ. ನನ್ನ ಮನೆಯ ಮೇಲೆ ಬಾಂಬು ಬಿದ್ದಿಲ್ಲ. ಅವಳ ಪಾಲಿನದನ್ನೂ ಸೇರಿಸಿ ನಾನೇ ಪ್ರಾರ್ಥಿಸುತ್ತೇನೆ. ಧರ್ಮಸಭೆ ಎಂದರೆ ಅದೇ ಎಂದು ನಂಬಿದ್ದೇನೆ, ಒಬ್ಬರಿಗೆ ಆಗದ ದಿನ ಇನ್ನೊಬ್ಬರು ಪ್ರಾರ್ಥಿಸುವುದು.

ಏಪ್ರಿಲ್ 15, ಶುಭ ಶುಕ್ರವಾರ

ಕಳೆದ ವಾರ ಉಕ್ರೇನಿನ ಕ್ರಾಮತೋರ್ಸ್ಕ್ ರೈಲು ನಿಲ್ದಾಣದ ಮೇಲೆ ಕ್ಷಿಪಣಿ ಬಿದ್ದು ರೈಲಿಗೆ ಕಾಯುತ್ತಿದ್ದ 50ಕ್ಕೂ ಹೆಚ್ಚು ಜನ ಸತ್ತರು. ನಾವು ಪ್ಲಾಟ್‌ಫಾರಂನಲ್ಲಿ ಎದುರುಗೊಳ್ಳುವ ಹೆಂಗಸರು, ಮಕ್ಕಳು ಹತ್ತುವುದು ಅಂಥ ನಿಲ್ದಾಣಗಳಲ್ಲೇ.

ಇವತ್ತು ರೋಮಿನ ಕೊಲೊಸಿಯಂನಲ್ಲಿ ಶಿಲುಬೆ ಹಾದಿ. ಒಬ್ಬ ಉಕ್ರೇನ್ ಹೆಣ್ಣುಮಗಳು, ಒಬ್ಬ ರಷ್ಯನ್ ಹೆಣ್ಣುಮಗಳು, ಗೆಳತಿಯರಿಬ್ಬರು ಸೇರಿ ಒಂದು ಘಟ್ಟದಲ್ಲಿ ಶಿಲುಬೆ ಹೊತ್ತರು. ಉಕ್ರೇನಿನವರು ಇದಕ್ಕೆ ಮೊದಲೇ ಆಕ್ಷೇಪ ಎತ್ತಿದ್ದರು, ಅಲ್ಲಿಯ ಗ್ರೀಕ್ ಕ್ಯಾಥೊಲಿಕ್ ಮುಖ್ಯಸ್ಥ ಶೆವ್ಚುಕ್ ಕೂಡ. ಕೊನೆಗೆ ಆ ಘಟ್ಟದ ಧ್ಯಾನದ ಪಾಠವನ್ನು ಬಿಟ್ಟು ಮೌನ ಇಟ್ಟರು. ಆಕ್ಷೇಪ ಸರಿಯಿತ್ತು ಎಂದೇ ನನ್ನ ಅಭಿಪ್ರಾಯ. ಆ ಇಬ್ಬರು ಗೆಳತಿಯರ ಪ್ರೀತಿ ನಿಜ. ಆದರೆ ಬಾಂಬು ಬೀಳುತ್ತಿರುವಾಗಲೇ ರಾಜಿಯ ಮಾತು ಎತ್ತಿದರೆ ಹೊಡೆಸಿಕೊಂಡವರಿಗೆ ಅದು ಇನ್ನೊಂದು ಏಟು. ಮೊದಲು ಹೊಡೆತ ನಿಲ್ಲಬೇಕು.

ಡಿಸೆಂಬರ್ 18, ಆಗಮನಕಾಲದ ನಾಲ್ಕನೇ ಭಾನುವಾರ

ಅಕ್ಟೋಬರ್ 10ರಿಂದ ರಷ್ಯಾ ವಿದ್ಯುತ್ ಕೇಂದ್ರಗಳನ್ನೇ ಗುರಿ ಮಾಡಿ ಹೊಡೆಯುತ್ತಿದೆ. ಊರುಗಳೆಲ್ಲ ಗಂಟೆಗಟ್ಟಲೆ ಕತ್ತಲಲ್ಲಿ. ಕರೆಂಟು ಹೋದರೆ ಎಷ್ಟೋ ಮನೆಗಳಲ್ಲಿ ನೀರೂ ಇಲ್ಲ, ಕಾವೂ ಇಲ್ಲ. ವ್ಯಾಟಿಕನ್ ಥರ್ಮಲ್ ಬನಿಯನ್ನಿಗಾಗಿ ಹಣ ಎತ್ತುತ್ತಿದೆ, ಕಾರ್ಡಿನಲ್ ಕ್ರಾಯೆವ್‌ಸ್ಕಿ ಅವನ್ನೂ ಜನರೇಟರುಗಳನ್ನೂ ತಾವೇ ಅಲ್ಲಿಗೆ ಮುಟ್ಟಿಸುತ್ತಿದ್ದಾರೆ. ಕಾರ್ಡಿನಲ್ ಒಬ್ಬರು ಬನಿಯನ್ನಿನ ಲೆಕ್ಕ ಇಡುವುದು ನೋಡಿ ನನಗೆ ಧೈರ್ಯ ಬಂತು.

ಖಾರ್ಕಿವ್ ಹುಡುಗಿಯ ಅಮ್ಮ ಈಗ ಇಲ್ಲೇ ಇದ್ದಾರೆ. ಅಪ್ಪ ಮನೆ ಬಿಟ್ಟು ಬರಲು ಒಪ್ಪಿಲ್ಲ. ಮಾರ್ಚ್‌ನಲ್ಲಿ ಹಾಲ್ ಹಿಡಿಸಲಾರದಷ್ಟು ತಂದವರಲ್ಲಿ ಅರ್ಧ ಜನವೂ ಈಗ ಬರುತ್ತಿಲ್ಲ. ಬಾಡಿಗೆ ಏರಿದೆ, ಗ್ಯಾಸ್ ಬಿಲ್ ಏರಿದೆ, ಜನರಿಗೂ ಸುಸ್ತಾಗಿದೆ. ಅವರನ್ನು ದೂರಲು ಮನಸ್ಸಿಲ್ಲ. ಆದರೂ ಕೇಳದೆ ಇರಲಾಗದು. ಚರ್ಚಿನ ವಾಟ್ಸಾಪ್ ಗುಂಪಿಗೆ ಈಗಷ್ಟೇ ಬರೆದು ಹಾಕಿದೆ: ಈ ಕ್ರಿಸ್ಮಸ್‌ಗೆ ಬಟ್ಟೆ ಮೂಟೆ ಬೇಡ. ಹೊಸ ಥರ್ಮಲ್ ಬನಿಯನ್, ಪವರ್ ಬ್ಯಾಂಕ್, ಜನರೇಟರ್ ಕೊಳ್ಳಲು ಹಣ ಬೇಕು. ಎಷ್ಟಾದರೂ ಸರಿ ಕೊಡಿ, ಜನವರಿಯಲ್ಲೂ ಕೊಡಿ, ಫೆಬ್ರವರಿಯಲ್ಲೂ ಕೊಡಿ. ಅಲ್ಲಿ ಚಳಿ ಮಾರ್ಚ್‌ವರೆಗೂ ಇರುತ್ತದೆ.