ಹರಗೋಲಿನಾಗ ಮೂರು ಜೀವ

ವಾಚನಾಲಯದ ಪುಸ್ತಕಕ್ಕೆ ನೀವೂ ಒಂದು ಲೇಖನ ಕೊಡ್ರಿ ಅಂತ ನಮ್ಮೂರ ಮಾಸ್ತರರು ಹೇಳಿ ಎರಡು ತಿಂಗಳಾತು. ನಾನು ಏಳನೇತ್ತೆ ಕಲಿತಾಂವ. ಕೈಯಾಗ ಹಿಡಿದದ್ದು ಕೂರಿಗಿ ಮತ್ತು ತಾಳ. ಪೆನ್ನು ಹಿಡಿದದ್ದು ಸಾಲದ ಕಾಗದಕ್ಕೆ ಸಹಿ ಮಾಡಲಿಕ್ಕೆ ಅಷ್ಟೇ. ತಪ್ಪಿದ್ದರೆ ತಿದ್ದಿಕೊಂಡು ಓದ್ರಿ.

ಹೋದ ದೀಪಾವಳಿಗೆ ಮಗಳ ಮಗ ಬಂದಿದ್ದ. ರಾತ್ರಿ ಊಟ ಆದ ಮ್ಯಾಲೆ ಮೊಬೈಲ್ ತಂದು ನಮ್ಮಿಬ್ಬರ ನಡುವೆ ಹಿಡಿದ. ‘ಅಜ್ಜಾ, ಇದನ್ನ ನೋಡ್ರಿ’ ಅಂದ. ಅದರಾಗ ಬಿಳೇ ಹಾಯಿ ಕಟ್ಟಿದ ಒಂದು ಸಣ್ಣ ಹಡಗ. ಹಡಗಿನಾಗ ಒಬ್ಬ ಗಂಡ, ಒಬ್ಬಾಕಿ ಹೆಂಡತಿ, ಒಂದು ನಾಯಿ. ಬೇರೆ ಯಾರೂ ಇಲ್ಲ. ದ್ವೀಪದಿಂದ ದ್ವೀಪಕ್ಕೆ ತಿರುಗೋದೇ ಅವರ ಬಾಳೇವು. ನೀಲಿ ನೀರು, ತೆಂಗಿನ ಗಿಡ, ಬಿಳೇ ಉಸುಕು. ದಂಡಿ ಕಂಡ ಕೂಡಲೇ ನಾಯಿ ಜಿಗಿದು ಓಡತೈತಿ.

ನಮ್ಮೂರಾಗ ಹಡಗ ಎಲ್ಲಿಂದ ಬರಬೇಕು? ಹೋಟಗಿ ಅಂದರೆ ರೈಲಿನ ಊರು. ಸೊಲ್ಲಾಪುರದಿಂದ ಬಂದ ಹಳಿ ಇಲ್ಲಿ ಎರಡು ಕವಲಾಗಿ ಒಂದು ಕಲಬುರಗಿ ಕಡೆ, ಒಂದು ವಿಜಯಪುರದ ಕಡೆ ಹೋಗತೈತಿ. ನೀರು ಅಂದರೆ ನಮಗೆ ಕೆರಿ, ಬಾವಿ, ಬೋರು. ಹಿಂಗಾಗಿ ನಾನು ರೈತ ಕೇಳುವ ಮಾತೇ ಕೇಳಿದೆ. ಕುಡಿಯೋ ನೀರು ಎಲ್ಲಿಂದ? ನಾಯಿ ಹೊರಕಡೆಗೆ ಎಲ್ಲಿ ಹೋಗತೈತಿ? ಬಿರುಗಾಳಿ ಬಂದರೆ ಏನು ಗತಿ?

ಹುಡುಗ ತಿಳಿದದ್ದು ಹೇಳಿದ, ಉಳಿದದ್ದನ್ನು ಮರುದಿನ ಮಾಸ್ತರರು ಭೂಗೋಳದ ನಕಾಶೆ ಬಿಚ್ಚಿ ಹೇಳಿದರು. ಉಪ್ಪುನೀರನ್ನು ಸಿಹಿ ಮಾಡುವ ಸಣ್ಣ ಯಂತ್ರ ಕೆಲವರ ಹಡಗಿನಾಗ ಇರತೈತಂತ, ಮಳಿನೀರನ್ನೂ ಹಿಡಿದು ಇಟ್ಟುಕೊಳ್ಳತಾರಂತ. ನಾಯಿಗೆ ಹಡಗಿನ ಮುಂದಿನ ಭಾಗದಾಗ ಹುಲ್ಲಿನಂಥ ಚಾಪಿ ಹಾಸಿ ರೂಢಿ ಮಾಡಿಸತಾರಂತ. ಅದಕ್ಕೂ ತೇಲುವ ಅಂಗಿ ತೊಡಿಸತಾರಂತ. ಶಾಂತ ಮಹಾಸಾಗರದಾಗ ಗಾಲಾಪಗೋಸ್ ದ್ವೀಪ ಬಿಟ್ಟರೆ ಮಾರ್ಕೇಸಾಸ್ ದ್ವೀಪ ಬರುವತನಕ ಸುಮಾರು 3000 ಸಮುದ್ರ ಮೈಲು. ನಮ್ಮ ಲೆಕ್ಕದಾಗ 5500 ಕಿಲೋಮೀಟರು. ಮೂಡಣದಿಂದ ಪಡುವಣಕ್ಕೆ ಬೀಸೋ ಗಾಳಿಯ ಬೆನ್ನು ಹತ್ತಿದರೂ ಮೂರು ವಾರ ಬೇಕು. ಮೂರು ವಾರ ಬರೇ ನೀರು, ಆಕಾಶ, ಮತ್ತು ಒಬ್ಬರ ಮಾರಿ ಒಬ್ಬರು ನೋಡೋದು.

ಇನ್ನೊಂದು ಮಾತು ಕೇಳಿ ನನಗೆ ಆಶ್ಚರ್ಯ ಆತು. ಎಲ್ಲಾ ದ್ವೀಪದಾಗೂ ನಾಯಿಯನ್ನು ಇಳಿಸಿಕೊಳ್ಳೋದಿಲ್ಲ. ಹುಚ್ಚುನಾಯಿ ರೋಗ ಇಲ್ಲದ ದ್ವೀಪಗಳು ಭಾಳ ಜತನ ಮಾಡತಾವು. ನಮ್ಮ ಲಕ್ಷದ್ವೀಪದಾಗೇ 36 ದ್ವೀಪ ಅದಾವು, ಮಂದಿ ಇರೋದು ಹತ್ತರಾಗ. ಅಲ್ಲಿ ನಾಯಿ ಇಲ್ಲ, ಹೊರಗಿನಿಂದ ಒಯ್ಯಲಿಕ್ಕೂ ಬಿಡೋದಿಲ್ಲ. ಹಂಗಂದ ಮ್ಯಾಲೆ ನಾಯಿ ಕಟ್ಟಿಕೊಂಡು ಹಡಗ ಬಿಡೋರು ಎಷ್ಟೋ ಚಂದ ಚಂದ ದಂಡಿಗಳನ್ನು ದೂರದಿಂದ ನೋಡಿ ಮುಂದಕ್ಕೆ ಹೋಗಬೇಕು. ಆದರೂ ಬಿಟ್ಟು ಹೋಗೋದಿಲ್ಲ.

ಇದನ್ನು ಮನಿಗೆ ಬಂದು ಹೇಳಿದಾಗ ನಮ್ಮಾಕಿ ರೊಟ್ಟಿ ಬಡಿಯೋದು ನಿಲ್ಲಿಸಿ, ‘ಭೀಮಾ ನದಿ ದಂಡಿ ಮ್ಯಾಲಿನ ಆ ಅಂಬಿಗೇರ ಗಂಡಹೆಂಡತಿ ನೆಪ್ಪಾದ್ರು ನೋಡ್ರಿ’ ಅಂದಳು. ನನಗೂ ಅವರೇ ನೆಪ್ಪಾಗಿದ್ದರು. ಅವರ ಕತಿ ಹೇಳಲಿಕ್ಕೇ ಇಷ್ಟು ಪೀಠಿಕೆ ಹಾಕಿದೆ.

ನಮ್ಮ ಮಗಳನ್ನು ಕೊಟ್ಟದ್ದು ಕೂಡಲದ ಕಡೆ, ನದಿದಂಡಿಯ ಊರಿಗೆ. ಕೂಡಲದಾಗ ಸೀನಾ ಬಂದು ಭೀಮೆಗೆ ಕೂಡತಾಳ. ಸಂಗಮೇಶ್ವರನ ಗುಡಿ, ಒಂದೇ ಲಿಂಗದ ಮ್ಯಾಲೆ ಮುನ್ನೂರಕ್ಕೂ ಹೆಚ್ಚು ಮುಖ ಕೆತ್ತಿದ ಶಿವಲಿಂಗ, ಶಕ 940ರ ಮರಾಠಿ ಶಾಸನ, ಇವನ್ನು ಸಾಲಿ ಮಕ್ಕಳು ಹೋಗಿ ನೋಡಿಕೊಂಡು ಬಂದೀರಿ. ಭೀಮಾಶಂಕರದ ಗುಡ್ಡದಾಗ ಹುಟ್ಟಿದ ನದಿ ಪಂಢರಪುರ ದಾಟಿ ಇಲ್ಲಿಗೆ ಬರತಾಳ. ಮುಂದೆ ಒಂದು ದಂಡಿ ಮಹಾರಾಷ್ಟ್ರ, ಇನ್ನೊಂದು ದಂಡಿ ಕರ್ನಾಟಕ. ಮೀನಿಗೆ ಯಾವ ರಾಜ್ಯ? ಅಂಬಿಗರಿಗೂ ಹಂಗೇ.

ಆ ಗಂಡಹೆಂಡತಿ ಆಚೀ ದಂಡಿಯವರು. ಮಳಿಗಾಲ ಇಳಿದ ಮ್ಯಾಲೆ ಬಂದು ನದಿಯ ನಡುಗಡ್ಡಿ ಮ್ಯಾಲೆ ಜಾಲಿಗಿಡದ ಮಗ್ಗಲಾಗ ತಾಡಪತ್ರಿ ಗುಡಿಸಲ ಹಾಕತಿದ್ದರು. ಸಂಸಾರ ಅಂದರೆ ಒಂದು ಹರಗೋಲು, ಬಲಿ, ಒಲಿ, ಎರಡು ಗಡಿಗಿ, ಕರಿಯಾ ಅನ್ನೋ ನಾಯಿ. ಹರಗೋಲು ನೋಡದವರಿಗೆ ಹೇಳತೀನಿ. ಅದು ದುಂಡಗೆ ಇರತೈತಿ, ದೊಡ್ಡ ಬುಟ್ಟಿ ಇದ್ದಂಗ. ಬಿದಿರ ದಬ್ಬಿ ಹೆಣೆದು ಮೊದಲು ಎತ್ತಿನ ಚರ್ಮ ಹೊಚ್ಚತಿದ್ದರು, ಈಗ ಪ್ಲಾಸ್ಟಿಕ್ ಚೀಲ ಹೊಚ್ಚಿ ಡಾಂಬರು ಬಳಿಯತಾರ. ಅದಕ್ಕೆ ಮುಂದು ಇಲ್ಲ, ಹಿಂದಿಲ್ಲ. ಹುಟ್ಟು ಹಾಕಲಿಕ್ಕೆ ಬರದವನು ಹತ್ತಿದರೆ ನಿಂತಲ್ಲೇ ಗಿರಗಿರ ತಿರುಗತೈತಿ.

ಹೆಂಡತಿ ಹುಟ್ಟು ಹಾಕತಿದ್ದಳು, ಗಂಡ ಬಲಿ ಬಿಡತಿದ್ದ, ಕರಿಯಾ ನಟ್ಟನಡುವೆ ಕೂಡತಿತ್ತು. ನಾ ಒಮ್ಮೆ ಚ್ಯಾಷ್ಟಿಗೆ, ‘ನಿಮ್ಮ ನಾಯಿ ಪುಕ್ಕಟೆ ಸವಾರಿ ಮಾಡತೈತಲ್ಲೋ ತಮ್ಮಾ’ ಅಂದೆ. ಅವ ನಕ್ಕು, ‘ಕಾಕಾ, ಹರಗೋಲಿನಾಗ ಇಬ್ಬರೇ ಇದ್ರ ಜಗಳ ಭಾಳ ಆಕ್ಕಾವರೀ. ಸಿಟ್ಟಿಲೆ ಎದ್ದು ಹೋಗಾಕ ಇಲ್ಲಿ ಕಟ್ಟಿ ಇಲ್ಲ, ಹೊಲ ಇಲ್ಲ. ಆಗ ಆಕಿ ಇದರ ಸಂಗಾಟ ಮಾತಾಡತಾಳ, ನಾನೂ ಇದರ ಸಂಗಾಟ ಮಾತಾಡತೀನಿ. ಸಂಜಿತನಾ ಎಲ್ಲಾ ಸರಿ ಆಕ್ಕೈತಿ’ ಅಂದ. ಆ ಸಮುದ್ರದಾಗ ಮೂರು ವಾರ ಇರೋರದೂ ಇದೇ ಕತಿ ಇರಬೇಕು.

ಆದರೆ ಎರಡೂ ಒಂದೇ ಅಂತ ನಾ ಹೇಳೋದಿಲ್ಲ. ಅವರು ನೋಡುವ ಆಸೆಗೆ ನೀರಿಗಿಳಿದವರು, ಇವರು ಹೊಟ್ಟಿಗಾಗಿ ಇಳಿದವರು. ಅವರು ಬೇಸರಾದರೆ ಹಡಗ ಮಾರಿ ಮನಿಗೆ ಹೋದಾರು. ಇವರಿಗೆ ಮನಿಯೇ ಹರಗೋಲು.

2020ರ ಅಕ್ಟೋಬರ. ಕರೋನಾ ಕಾಲ, ಗುಡಿ ಬಂದ್, ಭಜನಿ ಬಂದ್. ನಾನು ಮಗಳ ಊರಿಗೆ ಹೋಗಿದ್ದೆ. 12ನೇ ತಾರೀಖು ರಾತ್ರಿ ಮನಿಮಂದಿ ಅಷ್ಟೇ ಅಂಗಳದಾಗ ಕೂತಿದ್ದರು. ಆ ಅಂಬಿಗೇರ ಹೆಣ್ಣಮಗಳು ಮೀನಿನ ರೊಕ್ಕ ಇಸಕೊಳ್ಳಾಕ ಬಂದಾಕಿ ಅಲ್ಲೇ ಬಾಗಿಲ ಹೊರಗ ಕೂತಳು. ನಾನು ಪಾಂಡವರು ಸ್ವರ್ಗಕ್ಕೆ ಹೋಗುವ ಕತಿ ಹಾಡಿದೆ. ದ್ರೌಪದಿ ಬಿದ್ದಳು, ತಮ್ಮಂದಿರು ಬಿದ್ದರು, ಕಡೀಕ ಉಳಿದದ್ದು ಧರ್ಮರಾಯ ಮತ್ತು ಬೆನ್ನು ಹತ್ತಿದ ಒಂದು ನಾಯಿ. ರಥ ತಂದ ಇಂದ್ರ, ನಾಯಿ ಬಿಟ್ಟು ಹತ್ತು ಅಂದ. ಧರ್ಮರಾಯ ಒಲ್ಲೆ ಅಂದ. ಈ ಕತಿ ನಾ ನಲವತ್ತು ವರ್ಷದಿಂದ ಹಾಡತೀನಿ. ಆ ಜಾಗಾಕ್ಕೆ ಬಂದಾಗ ಮಂದಿ ಕಣ್ಣೊರೆಸತಾರ, ನನಗೆ ಹೆಮ್ಮೆ ಅನಸತೈತಿ.

14ನೇ ತಾರೀಖು ಬೆಳಗಿನಿಂದ ಮಳಿ ಹಿಡೀತು. ನಮ್ಮ ಜಿಲ್ಲಾದಾಗ ಆ ದಿನದ ಮಳಿ ಯಾರೂ ಮರೆತಿಲ್ಲ. ಆ ವರ್ಷ ಉಜನಿ ಧರಣ ಮೊದಲೇ ತುಂಬಿತ್ತು. ಅದರ ಹೊಟ್ಟಿ 117 ಟಿಎಂಸಿ. ತುಂಬಿದ ಗಡಿಗಿಗೆ ಮತ್ತೆ ನೀರು ಬಿದ್ದರೆ ಚೆಲ್ಲಲೇಬೇಕು. ನೀರು ಬಿಡತಾರ, ದಂಡಿ ಮಂದಿ ಮ್ಯಾಲೆ ಬರ್ರಿ ಅಂತ ಸುದ್ದಿ ಬಂತು. ಅಳಿಯ, ನಾನು, ಇನ್ನೂ ನಾಕು ಮಂದಿ ಬ್ಯಾಟರಿ, ಹಗ್ಗ ಹಿಡಿದು ದಂಡಿಗೆ ಓಡಿದೆವು. ಹೊತ್ತು ಮುಳುಗಿತ್ತು.

ಗಂಡ ಮೊದಲ ಸರ್ತಿಗೆ ಬಲಿ, ಹಿಟ್ಟಿನ ಡಬ್ಬಿ ತಂದು ಒಗೆದು ತಿರುಗಿ ಹೋದ. ಹೆಂಡತಿಯನ್ನು ಹತ್ತಿಸಿಕೊಂಡು ಬರತಾನ ಅಂತ ನಾವು ನಿಂತೆವು. ಬರಲಿಲ್ಲ. ಗುಡುಗಿಗೆ ಹೆದರಿ ಕರಿಯಾ ಜಾಲಿ ಪೊದಿಯೊಳಗೆ ಹೊಕ್ಕಿತ್ತು. ಆಕಿ ಅದನ್ನು ಕರೆಯುವ ದನಿ ನೀರಿನ ಮ್ಯಾಲೆ ಕೇಳತಿತ್ತು. ನಡುಗಡ್ಡಿ ನೋಡನೋಡತ ಸಣ್ಣದಾಗಲಿಕ್ಕೆ ಹತ್ತಿತ್ತು. ನಾನು ಕೈ ಬಾಯಿಗೆ ಹಚ್ಚಿ, ನನ್ನ ಹಾಡಿನ ದನಿಯೆಲ್ಲಾ ತಗದು ಒದರಿದೆ: ‘ನಾಯಿ ಇನ್ನೊಂದು ಸಿಗತೈತಿ, ಜೀವಾ ಸಿಗೂದಿಲ್ಲ! ಬಿಟ್ಟು ಹತ್ತ ತಂಗೀ!’

ಅವರು ಬಿಡಲಿಲ್ಲ. ಕಡೀಕ ಮೂರೂ ಜೀವ ಹತ್ತಿ ಬಂದವು. ಕರಿಯಾನ್ನ ಕೌದಿಯೊಳಗ ಸುತ್ತಿ ಆಕಿ ತೊಡಿಯಾಗ ಇಟ್ಟುಕೊಂಡಿದ್ದಳು. ಸೆಳವು ಹರಗೋಲನ್ನು ಕೆಳಗೆ ಎಳಕೊಂಡು ಹೋತು. ನಾವು ದಂಡಿಗುಂಟ ಕೆಸರಾಗ ಓಡಿದೆವು. ಒಂದು ಬಗನಿ ಜಾಲಿಗಿಡಕ್ಕೆ ಬಡಿದು ಹರಗೋಲು ನಿಂತಾಗ ಅಳಿಯ ಹಗ್ಗ ಒಗೆದ, ಅವ ಹಿಡಿದ. ಎಲ್ಲಾರೂ ಕೂಡಿ ಎಳೆದೆವು. ಬೆಳಗಾಗುವಷ್ಟರಾಗ ನಡುಗಡ್ಡಿಯೂ ಇಲ್ಲ, ಗುಡಿಸಲೂ ಇಲ್ಲ, ಗಿಡದ ತುದಿಯೂ ಇಲ್ಲ.

ಮುಂಜಾನೆ ಮಗಳ ಪಡಸಾಲ್ಯಾಗ ಆಕಿ ಚಾ ಕುಡೀತಾ, ಕರಿಯಾನ ಮೈ ಒರಸತಾ ಕೂತಿದ್ದಳು. ನಾನು, ‘ಹಂಗ್ಯಾಕ ಹುಚ್ಚು ಧೈರ್ಯ ಮಾಡಿದೆವ್ವಾ?’ ಅಂದೆ. ಆಕಿ ತಲಿ ಎತ್ತಿ, ‘ಕಾಕಾ, ಮೊನ್ನಿ ರಾತ್ರಿ ಆ ಹಾಡು ಹಾಡಿದವರು ನೀವ ಅಲ್ರೀ?’ ಅಂದಳು. ಅಷ್ಟೇ. ಹಂಗಿಸಿ ಕೇಳಲಿಲ್ಲ. ನಿಜವಾಗಿ ಕೇಳಿದಳು.

ನನ್ನ ಮಾತೂ ಸುಳ್ಳಲ್ಲ ಅಂತ ಈಗಲೂ ಅನಸತೈತಿ. ಸೆಳವು ಸ್ವಲ್ಪ ಹೆಚ್ಚಿದ್ದರೆ ಮೂರೂ ಹೆಣ ತಗೀಬೇಕಾಗತಿತ್ತು. ಓದುವ ಮಕ್ಕಳು ಇದನ್ನು ಕಲೀಬ್ಯಾಡ್ರಿ, ನೀರು ಬರತೈತಿ ಅಂದರೆ ಹಗಲಾಗೇ ಎದ್ದು ಬರ್ರಿ, ದನಾ ನಾಯಿ ಮೊದಲು ಹೊಡಕೊಂಡು ಬರ್ರಿ. ಆದರೂ ಆಕಿಯ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಗಲೇ ನನ್ನ ಕಿಸೆಯಾಗಿನ ಫೋನು ಬಾರಿಸಿತು. ಹೋಟಗಿಯಿಂದ ನಮ್ಮಾಕಿ. ‘ನೀವು ಹೆಂಗದೀರಿ? ನದಿ ದಂಡಿಗೆ ಹೋಗಬ್ಯಾಡ್ರಿ’ ಅಂತ ಮೊದಲು ಅಂದಳು. ಆಮ್ಯಾಲೆ ಹೇಳಿದಳು. ರಾತ್ರಿ ನಮ್ಮ ಹಿತ್ತಲ ಗ್ವಾಡಿ ಬಿದ್ದಿತ್ತು. ಒಬ್ಬಾಕೇ ಕತ್ತಲ್ಯಾಗ ಎರಡು ಆಡು, ಮೋತಿ ನಾಯಿ, ನನ್ನ ತಾಳ ತಂಬೂರಿ ಹೊತ್ತುಕೊಂಡು ಮಗ್ಗಲ ಮನಿಯವರ ಕಟ್ಟಿ ಮ್ಯಾಲೆ ಬೆಳತನಕ ಕೂತಿದ್ದಳು. ಇಡೀ ರಾತ್ರಿ ನಾನು ಊರ ಹೆಣ್ಣಮಗಳಿಗೆ ಬುದ್ಧಿ ಒದರಿ ಹೇಳಿದಾಂವ, ನನ್ನ ಮನಿಗೆ ಒಂದು ಫೋನು ಹಚ್ಚಿರಲಿಲ್ಲ.

ನಲವತ್ತು ವರ್ಷ ಊರೂರು ತಿರುಗಿದೆ. ಅಕ್ಕಲಕೋಟ, ಇಂಡಿ, ಅಫಜಲಪುರ, ಎಲ್ಲೆಲ್ಲಿ ಜಾತ್ರಿ ಅಲ್ಲಲ್ಲಿ ಹಾಡಿದೆ. ಶಾಲು ಹೊಚ್ಚಿಸಿಕೊಂಡೆ. ಒಂದು ಸರ್ತಿಯೂ ಆಕೀನ ಕರಕೊಂಡು ಹೋಗಲಿಲ್ಲ. ‘ಹೊಲ ಯಾರ ನೋಡತಾರ, ದನಾ ಯಾರ ನೋಡತಾರ’ ಅಂತ ಆಕಿ ಹೇಳುವ ಮೊದಲೇ ನಾನೇ ಹೇಳತಿದ್ದೆ. ಧರ್ಮರಾಯ ನಾಯಿ ಬಿಡಲಿಲ್ಲ ಅಂತ ಮಂದಿ ಮುಂದೆ ಹಾಡಿದಾಂವ ನಾನು. ದ್ರೌಪದಿ ಹಿಂದೆ ಬಿದ್ದಾಗ ಅವ ತಿರುಗಿ ನೋಡದೆ ಹೋದ ಅನ್ನೋದನ್ನೂ ಅದೇ ಹಾಡಿನಾಗ ಹಾಡಿದ್ದೆ. ಅಲ್ಲಿ ಮಾತ್ರ ನನ್ನ ದನಿ ಎಂದೂ ತಡವರಿಸಲಿಲ್ಲ.

ಮುಂದೆ ಎಳ್ಳಮಾಸಿ ಬಂತು. ಹೊಲದಾಗ ಚರಗ ಚೆಲ್ಲಿ ಬಂದ ಮರುದಿನ, ‘ನಾಳೆ ಕೂಡಲಕ್ಕ ಹೋಗೂಣು ನಡಿ’ ಅಂದೆ. ಆಕಿ ನನ್ನ ಮಾರಿ ನೋಡಿ, ‘ಮೋತೀನ ಎಲ್ಲಿ ಬಿಡೂದ್ರಿ?’ ಅಂದಳು. ಎಸ್‌ಟಿ ಬಸ್ಸಿನಾಗ ನಾಯಿ ಹೆಂಗ ಒಯ್ಯೋದು ಅಂತ ತಮ್ಮನ ಮಗನ ಟಮ್‌ಟಮ್ ಹೇಳಿದೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಭಜ್ಜಿಪಲ್ಲೆ ಕಟ್ಟಿಕೊಂಡು ಮೂವರೂ ಹೋದೆವು.

ನದಿ ಶಾಂತ ಆಗಿತ್ತು. ಅಂಬಿಗರು ಹೊಸ ಹರಗೋಲು ಹೆಣೆದಿದ್ದರು. ‘ಬರ್ರಿ ಅವ್ವಾರ, ಸಂಗಮ ತೋರಸತೀನಿ’ ಅಂತ ಆ ಹೆಣ್ಣಮಗಳು ಕೈ ಕೊಟ್ಟಳು. ನಮ್ಮಾಕಿ ಹುಟ್ಟಿದ ಮ್ಯಾಲೆ ಮೊದಲ ಸಲ ನೀರಿನ ಮ್ಯಾಲೆ ಹತ್ತಿದ್ದು. ಹೆದರಿಕಿಗೆ ನನ್ನ ಕೈ ಹಿಡಿದಾಳು ಅಂದುಕೊಂಡಿದ್ದೆ, ಮೋತಿಯ ಕೊರಳ ಹಗ್ಗ ಹಿಡಿದು ಕೂತಳು. ಸೀನಾ ಭೀಮೆಗೆ ಕೂಡುವ ಜಾಗಾದಾಗ ಅಂಬಿಗಿತ್ತಿ ಹುಟ್ಟು ನಿಲ್ಲಿಸಿದಳು. ಹರಗೋಲು ನಿಧಾನಕ ತಾನೇ ತಿರುಗಿತು. ಗುಡಿ ಒಮ್ಮೆ ಎದುರಿಗೆ, ಒಮ್ಮೆ ಬೆನ್ನಿಗೆ.

ಆಗ ನಮ್ಮಾಕಿ ಸಣ್ಣ ದನಿಲೆ ಹಾಡಲಿಕ್ಕೆ ಹತ್ತಿದಳು. ಬೀಸುಕಲ್ಲಿನ ಪದ. ತವರಿನದು ಒಂದು, ಗಂಗಿ ಗೌರಿದು ಒಂದು, ಒಂದರ ಹಿಂದೆ ಒಂದು. ಹಿಟ್ಟಿನ ಗಿರಣಿ ಬಂದ ಮ್ಯಾಲೆ ನಮ್ಮ ಮನಿಯ ಬೀಸುಕಲ್ಲು ಮೂಲಿ ಸೇರಿ ಎಷ್ಟೋ ವರ್ಷ ಆಗಿತ್ತು. ಅದಕ್ಕೂ ಮೊದಲು ಆಕಿ ನಸುಕಿನಾಗ ಹಾಡುವಾಗ ನಾನು ರಾತ್ರಿ ಭಜನಿ ಮುಗಿಸಿ ಬಂದು ಗೊರಕಿ ಹೊಡೀತಿದ್ದೆ. ನನಗೆ ಬರದ ಧಾಟಿ ಆಕಿಗೆ ಬರತಾವು ಅನ್ನೋದು ನನಗೆ ಗೊತ್ತಾದದ್ದು ಅಲ್ಲಿ, ನಟ್ಟನಡು ನೀರಿನಾಗ. ತಾಳ ಮನ್ಯಾಗ ಬಿಟ್ಟು ಬಂದಿದ್ದೆ. ಹರಗೋಲಿನ ಅಂಚಿಗೆ ಬೆರಳಿಲೆ ಬಡಕೋತ ಕೂತೆ.

ಈಗ ಹಾಡಿಕಿಗೆ ಯಾರಾದರೂ ಕರೆದರೆ ಇಬ್ಬರಿಗೂ ಜಾಗಾ ಐತೇನು ಅಂತ ಮೊದಲು ಕೇಳತೀನಿ. ಮೋತಿಗೆ ವಯಸ್ಸಾಗೈತಿ, ದೂರ ಬರೋದಿಲ್ಲ. ಅದನ್ನು ತಮ್ಮನ ಮನಿಯಾಗ ಬಿಟ್ಟು, ಕತ್ತಲಾಗೂದ್ರೊಳಗ ತಿರುಗಿ ಬರತೀವಿ. ಮೊಬೈಲ್ ತೋರಿಸಿದ ಮಮ್ಮಗ, ‘ಅಜ್ಜಾ, ಅಂಥಾ ಹಡಗ ಸಿಕ್ಕರ ಹೋಗತೀರೇನು?’ ಅಂತ ಕೇಳಿದ. ನಾ ಏನೂ ಅನ್ನೂದರೊಳಗ ಒಳಗಿನಿಂದ ನಮ್ಮಾಕಿ, ‘ಸುಗ್ಗಿ ಮುಗೀಲಿ’ ಅಂದಳು.