ಕಳೆ ಬೇಗ, ಪೈರು ನಿಧಾನ

ಹಲ್ಲುಜ್ಜುವಾಗ ಬ್ರಷ್ ಮೇಲೆ ರಕ್ತ ಕಂಡರೆ ನೀವೇನು ಮಾಡ್ತೀರಿ? ನಮ್ಮ ಟೀಮಿನಲ್ಲಿ ಕೇಳಿದಾಗ ಒಬ್ಬ ಬ್ರಷ್ ಬದಲಾಯಿಸ್ತೀನಿ ಅಂದ, ಇನ್ನೊಬ್ಬಳು ಪೇಸ್ಟ್ ಅಂದಳು. ಡಾಕ್ಟರ ಹತ್ತಿರ ಹೋಗ್ತೀನಿ ಅಂತ ಯಾರೂ ಅನ್ನಲಿಲ್ಲ. ಹುಳುಕು ಹಲ್ಲಾದರೆ ರಾತ್ರಿ ನೋವು ಕೊಟ್ಟು ಎಬ್ಬಿಸುತ್ತೆ. ವಸಡಿನ ಕಾಯಿಲೆ ಹಾಗಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಹಲ್ಲಿನ ಸುತ್ತಲಿನ ಮೂಳೆಯನ್ನು ಕರಗಿಸುತ್ತಾ ಹೋಗುತ್ತೆ.

ನಮ್ಮೂರು ತಿಪಟೂರಿನ ಹತ್ತಿರ. ಅಲ್ಲಿ ಹಲ್ಲು ಅಲ್ಲಾಡಿದರೆ ಕೀಳಿಸೋದು, ಎಲ್ಲಾ ಹೋದಮೇಲೆ ಸೆಟ್ಟು ಕಟ್ಟಿಸೋದು, ಅಷ್ಟೇ. ಅಪ್ಪ ಹಾಗೇ ಮಾಡಿದರು. ಅವರ ಸೆಟ್ಟು ಮದುವೆ ಮನೆಗೆ ಹೋಗುವಾಗ ಮಾತ್ರ ಬಾಯಿಗೆ ಬರುತ್ತೆ, ಉಳಿದ ದಿನ ಗೂಡಿನ ಮೇಲಿನ ಲೋಟದಲ್ಲಿರುತ್ತೆ. ಅವ್ವನ ಕೆಳಗಿನ ದವಡೆ ಹಲ್ಲು ಅಲ್ಲಾಡೋಕೆ ಶುರುವಾದಾಗ ಅವಳೂ ಕೀಳಿಸೋಕೆ ಹೊರಟಿದ್ದಳು. ನಾನು ಬೆಂಗಳೂರಿಗೆ ಕರೆದುಕೊಂಡು ಬಂದೆ.

ವಸಡಿನ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಿಲಿಮೀಟರ್ ಗುರುತಿರುವ ತೆಳ್ಳಗಿನ ಕಡ್ಡಿಯನ್ನು ಹಲ್ಲು-ವಸಡಿನ ಸಂದಿಗೆ ಇಳಿಸಿ ಅಳೆದರು. ಆರೋಗ್ಯವಾಗಿದ್ದರೆ 3 ಮಿ.ಮೀ. ಒಳಗಿರಬೇಕು. ಅವ್ವನ ದವಡೆ ಹಲ್ಲಿನ ಪಕ್ಕ 8 ಇತ್ತು.

"ಮುದ್ದೆ ನುಂಗಾಕೆ ಹಲ್ಲು ಯಾಕವ್ವ, ಕಿತ್ತಾಕು" ಅಂದಳು ಅವ್ವ.

"ಕೊಬ್ಬರಿ ತಿನ್ನಲ್ವಾ ಅಮ್ಮ?" ಅಂತ ಡಾಕ್ಟರ್ ಕೇಳಿದರು. ಅವ್ವ ಮಾತಾಡಲಿಲ್ಲ.

ಎಕ್ಸ್‌ರೇ ತೋರಿಸುತ್ತಾ ಡಾಕ್ಟರ್ ಹೇಳಿದ್ದು ಇದು. ಹಲ್ಲು ಗೋಡೆಗೆ ಹೊಡೆದ ಮೊಳೆಯ ಥರ ಮೂಳೆಯಲ್ಲಿ ಕೂತಿರೋದಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿ.ಮೀ. ಜಾಗದಲ್ಲಿ ನಾರುಗಳಿವೆ, ಅದೇ ಲಿಗಮೆಂಟ್. ಹಲ್ಲು ಆ ನಾರುಗಳಲ್ಲಿ ತೂಗುಹಾಕಿಕೊಂಡಿರುತ್ತೆ. ಕಾಯಿಲೆಯಲ್ಲಿ ನಾರೂ ಮೂಳೆಯೂ ಎರಡೂ ಹೋಗಿ ಗುಂಡಿ ಬೀಳುತ್ತೆ. ಗುಂಡಿ ಶುಚಿ ಮಾಡೋದು ಕಷ್ಟವಲ್ಲ. ಆಮೇಲೆ ಆ ಜಾಗವನ್ನು ಯಾರು ತುಂಬುತ್ತಾರೆ ಅನ್ನೋದೇ ಸಮಸ್ಯೆ. ವಸಡಿನ ಮೇಲ್ಪದರದ ಕೋಶಗಳು ಸರಸರ ಬೆಳೆದು ಬೇರಿನ ಗುಂಟ ಇಳಿದು ಆವರಿಸಿಬಿಡುತ್ತವೆ. ಮೂಳೆ ಮತ್ತು ಲಿಗಮೆಂಟಿನ ಕೋಶಗಳು ನಿಧಾನ. ಅವು ಬರೋಷ್ಟರಲ್ಲಿ ಜಾಗ ಭರ್ತಿ.

ನಾನು ಮನಸ್ಸಲ್ಲೇ 'ರೇಸ್ ಕಂಡೀಷನ್' ಅಂದುಕೊಂಡೆ. ಅವ್ವ ಮಾತ್ರ, "ಕಳೆ ಬೇಗ ಬತ್ತದೆ, ಪೈರು ನಿಧಾನ. ಗೊತ್ತಿರೋದೇಯ ಬುಡವ್ವ" ಅಂದಳು. ಡಾಕ್ಟರ್ ನಕ್ಕುಬಿಟ್ಟರು.

1980ರ ದಶಕದಲ್ಲಿ ಇದಕ್ಕೆ ಸಿಕ್ಕ ಉಪಾಯ ಬೇಲಿ. ವಸಡಿನ ಕೆಳಗೆ ತೆಳುವಾದ ಪೊರೆ ಇಟ್ಟು ಕಳೆಯನ್ನು ತಡೆಯೋದು. ಅದರ ಮುಂದಿನ ಹೆಜ್ಜೆ ಪೈರನ್ನು ಕೂಗಿ ಕರೆಯೋದು. ಗ್ರೋತ್ ಫ್ಯಾಕ್ಟರ್‌ಗಳ ಕೆಲಸ ಅದು. ಇವು ನಮ್ಮ ದೇಹವೇ ತಯಾರಿಸುವ ಪ್ರೋಟೀನ್‌ಗಳು. ಕೋಶಗಳಿಗೆ 'ಇಲ್ಲಿ ಬಾ', 'ಇಬ್ಭಾಗವಾಗು', 'ಮೂಳೆಯಾಗು' ಅಂತ ಸುದ್ದಿ ಮುಟ್ಟಿಸುತ್ತವೆ. 1965ರಲ್ಲಿ ಅಮೆರಿಕದ ಮೂಳೆ ವೈದ್ಯ ಮಾರ್ಷಲ್ ಯೂರಿಸ್ಟ್, ಖನಿಜಾಂಶ ತೆಗೆದ ಮೂಳೆಯ ಚೂರನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟಾಗ ಅಲ್ಲಿ ಹೊಸ ಮೂಳೆ ಬೆಳೆದದ್ದನ್ನು ತೋರಿಸಿದ್ದ. ಆ ಸುದ್ದಿ ಮುಟ್ಟಿಸುವ ಪ್ರೋಟೀನ್‌ಗೆ ಬಿಎಂಪಿ ಅಂತ ಹೆಸರಾಯಿತು. ಆದರೆ ಹಲ್ಲಿನ ಬೇರಿನ ಪಕ್ಕ ಬರೀ ಮೂಳೆ ಬೆಳೆದರೆ ಸಾಲದು. ನಾರಿಲ್ಲದೆ ಮೂಳೆ ನೇರವಾಗಿ ಬೇರಿಗೆ ಅಂಟಿಕೊಂಡರೆ ಅದೇ ಇನ್ನೊಂದು ತೊಂದರೆ. ಹಾಗಾಗಿ ಹಲ್ಲಿನ ಸುತ್ತ ಹೆಚ್ಚು ಬಳಕೆಗೆ ಬಂದದ್ದು ಪಿಡಿಜಿಎಫ್, ಅಂದರೆ ರಕ್ತದ ಪ್ಲೇಟ್‌ಲೆಟ್‌ಗಳಲ್ಲಿರುವ ಪ್ರೋಟೀನ್. ಲ್ಯಾಬಿನಲ್ಲಿ ತಯಾರಿಸಿದ ಪಿಡಿಜಿಎಫ್‌ಗೆ ಅಮೆರಿಕದ ಎಫ್‌ಡಿಎ 2005ರಲ್ಲಿ ಒಪ್ಪಿಗೆ ಕೊಟ್ಟಿತು.

ಅವ್ವನಿಗೆ ಮಾಡಿದ್ದು ಇನ್ನೂ ಸರಳ ದಾರಿ, ಪಿಆರ್‌ಎಫ್. ಫ್ರಾನ್ಸಿನಲ್ಲಿ ಜೋಸೆಫ್ ಶುಕ್ರೂನ್ 2001ರಲ್ಲಿ ತೋರಿಸಿಕೊಟ್ಟ ವಿಧಾನ. ರೋಗಿಯ ತೋಳಿಂದಲೇ ಒಂದೆರಡು ಟ್ಯೂಬ್ ರಕ್ತ ತೆಗೆದು, ಹೆಪ್ಪುಗಟ್ಟದಂತೆ ತಡೆಯುವ ಮದ್ದು ಹಾಕದೆ, ತಕ್ಷಣ ಯಂತ್ರದಲ್ಲಿ ಗಿರಗಿರ ತಿರುಗಿಸುತ್ತಾರೆ. ಕೆಳಗೆ ಕೆಂಪು ಕಣ, ಮೇಲೆ ತಿಳಿ, ನಡುವೆ ಹಳದಿ ಬಣ್ಣದ ಗಟ್ಟಿ ಹೆಪ್ಪು. ಆ ಹೆಪ್ಪಿನ ಬಲೆಯಲ್ಲಿ ಸಿಕ್ಕಿಕೊಂಡ ಪ್ಲೇಟ್‌ಲೆಟ್‌ಗಳು ದಿನಗಟ್ಟಲೆ ಗ್ರೋತ್ ಫ್ಯಾಕ್ಟರ್ ಬಿಡುತ್ತಾ ಇರುತ್ತವೆ. ವಸಡು ಬಿಡಿಸಿ, ಬೇರು ಶುಚಿ ಮಾಡಿ, ಗುಂಡಿಗೆ ಅದನ್ನು ತುಂಬಿ ಹೊಲಿಗೆ ಹಾಕೋದು. ನಮ್ಮ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನ ಸಂಶೋಧಕರೂ ಇದರ ಅಧ್ಯಯನ ಪ್ರಕಟಿಸಿದ್ದಾರೆ. ಬರೀ ಶುಚಿ ಮಾಡಿದ್ದಕ್ಕಿಂತ ಪಿಆರ್‌ಎಫ್ ಇಟ್ಟ ಗುಂಡಿಗಳಲ್ಲಿ ಮೂಳೆ ಹೆಚ್ಚು ತುಂಬಿತ್ತು.

ಅವ್ವನಿಗೆ ಶುಗರ್ ಇದೆ. ಅದು ಹತೋಟಿಗೆ ಬರೋವರೆಗೂ ಡಾಕ್ಟರ್ ಕತ್ತರಿ ಮುಟ್ಟಲಿಲ್ಲ. ಶುಗರ್ ಏರುಪೇರಾಗುತ್ತಿದ್ದರೆ ಗಾಯ ಮಾಯೋದಿಲ್ಲ, ಪ್ರೋಟೀನ್ ಎಷ್ಟು ಕೂಗಿದರೂ ಉಪಯೋಗವಿಲ್ಲ. ಹೊಗೆಸೊಪ್ಪೂ ಅಷ್ಟೇ. ಎಲೆಅಡಿಕೆ ಜೊತೆಗಿನ ಹೊಗೆಸೊಪ್ಪು ಬಿಡಿಸೋಕೆ ನಮ್ಮನೇಲಿ ಮೂರು ತಿಂಗಳು ಜಗಳ ನಡೆಯಿತು. ಇಡೀ ಚಿಕಿತ್ಸೆಯಲ್ಲಿ ಕಷ್ಟದ ಭಾಗ ಅದೇ.

ದವಡೆ ಹಲ್ಲು ಉಳಿಯಿತು. ಒಂಬತ್ತು ತಿಂಗಳ ನಂತರ ಅಳೆದಾಗ 8 ಇದ್ದದ್ದು 4ಕ್ಕೆ ಬಂದಿತ್ತು. ಆದರೆ ಮುಂದಿನ ಎರಡು ಹಲ್ಲು ಹೋದವು. ದವಡೆ ಹಲ್ಲಿನ ಗುಂಡಿಗೆ ಮೂರು ಕಡೆ ಮೂಳೆಯ ಗೋಡೆ ಇನ್ನೂ ನಿಂತಿತ್ತು. ಮುಂದಿನವಕ್ಕೆ ಸುತ್ತಲಿನ ಮೂಳೆಯೆಲ್ಲ ಒಂದೇ ಮಟ್ಟಕ್ಕೆ ಕರಗಿ ಇಳಿದಿತ್ತು. ಒಂದೇ ಬಾಯಿ, ಒಂದೇ ರಕ್ತ, ಒಬ್ಬರೇ ಡಾಕ್ಟರ್. ಕರೆ ಕೇಳಿಸಿಕೊಳ್ಳೋಕೆ ಪಕ್ಕದಲ್ಲಿ ಜೀವಂತ ಕೋಶಗಳಿರಬೇಕು, ಬಂದವು ನಿಲ್ಲೋಕೆ ಗೋಡೆ ಇರಬೇಕು. ಗ್ರೋತ್ ಫ್ಯಾಕ್ಟರ್ ಅಂದಾಕ್ಷಣ ಹಲ್ಲಿನ ಬುಡ ಮತ್ತೆ ಚಿಗುರಿಬಿಡುತ್ತೆ ಅಂದುಕೊಳ್ಳೋರಿಗೆ ನಾನು ಈ ಎರಡು ಹಲ್ಲಿನ ಕಥೆ ಹೇಳ್ತೀನಿ.

ಅದಕ್ಕೇ ಒಂದು ಮಾತು. ಮುಂದಿನ ಸಲ ಹಲ್ಲು ಕ್ಲೀನ್ ಮಾಡಿಸೋಕೆ ಹೋದಾಗ ಸಂದಿಯ ಆಳ ಅಳೆದು ನಂಬರ್ ಜೋರಾಗಿ ಓದಿ ಅಂತ ಕೇಳಿ. ಐದೇ ನಿಮಿಷದ ಕೆಲಸ, ನೋವಿಲ್ಲ. ನಾನೂ ಓದಿಸಿದೆ. ಎಲ್ಲಾ ಮೂರರೊಳಗಿವೆ, ಹಿಂದಿನದೊಂದು ಬಿಟ್ಟು. ಅದು 5. ಶನಿವಾರ ಅಪಾಯಿಂಟ್‌ಮೆಂಟ್ ಇದೆ.